ಚಂದ್ರವಳ್ಳಿಯ ರೋಮನ್ ಬೆಳ್ಳಿ ನಾಣ್ಯ



ದೇವಾಲಯದ ಅಂಗಳದಲ್ಲಿ ನಾಣ್ಯದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ತೆರಿಗೆಯ ಪ್ರಶ್ನೆ ಎದ್ದಾಗ ಯೇಸುಸ್ವಾಮಿ ನಾಣ್ಯವೊಂದನ್ನು ತರಿಸಿ, ಅದರ ಮೇಲಿನ ಮುಖ ಯಾರದೆಂದು ಕೇಳಿದ ಪ್ರಸಂಗವನ್ನು ತಾವೆಲ್ಲರೂ ಬಲ್ಲಿರಿ. ಅದು ದೆನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯ. ದ್ರಾಕ್ಷಿತೋಟದ ಸಾಮತಿಯಲ್ಲಿ ಆಳಿಗೆ ಸಂದ ದಿನಗೂಲಿಯೂ ಅದೇ. ಶುಭಸಂದೇಶವು ಚಕ್ರವರ್ತಿಯ ಹೆಸರನ್ನು ಹೇಳುವುದಿಲ್ಲ. ಅಂದು ಆಳುತ್ತಿದ್ದ ತಿಬೇರಿಯಸನ ನಾಣ್ಯವೇ ಅದೆಂದು ಬಹುಮಂದಿ ವಿದ್ವಾಂಸರ ಊಹೆ.

ಆ ತಿಬೇರಿಯಸನ ನಾಣ್ಯವನ್ನು ಕಾಣಲು ನಾವು ಬಹುದೂರ ಹೋಗಬೇಕಾಗಿಲ್ಲ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರು ದೂರದ ಚಿತ್ರದುರ್ಗ 1997ರವರೆಗೆ ನಮ್ಮ ಜಿಲ್ಲಾಕೇಂದ್ರವೇ ಆಗಿತ್ತು. ಅಲ್ಲಿನ ಚಂದ್ರವಳ್ಳಿಯ ಕಣಿವೆ ಮಯೂರಶರ್ಮನ ಶಾಸನದಿಂದ ಪ್ರಸಿದ್ಧ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಆ ನೆಲವನ್ನು ಅಗೆಸಿದರು. ಶಾತವಾಹನರ ಸೀಸದ ನಾಣ್ಯಗಳಿದ್ದ ಆ ನೆಲೆಯಲ್ಲಿ ಅಗಸ್ಟಸ್ ಮತ್ತು ತಿಬೇರಿಯಸರ ದೆನಾರಿಯಸ್ಸುಗಳೂ ದೊರೆತವು.

ತಿಬೇರಿಯಸನ ನಾಣ್ಯದ ಮುಂಬದಿಯಲ್ಲಿ ಎಲೆಗಳ ಮಾಲೆ ತೊಟ್ಟ ಅವನ ತಲೆ. ಸುತ್ತಲೂ, ದೈವತ್ವಕ್ಕೇರಿದ ಅಗಸ್ಟಸನ ಮಗ ಎಂಬರ್ಥದ ಲ್ಯಾಟಿನ್ ಬರಹ. ಹಿಂಬದಿಯಲ್ಲಿ ದಂಡವನ್ನೂ ರೆಂಬೆಯನ್ನೂ ಹಿಡಿದು ಕುಳಿತ ಸ್ತ್ರೀ. ಶಾಂತಿದೇವತೆ ಎನ್ನುವರು ಕೆಲವರು, ರಾಜಮಾತೆ ಲಿವಿಯಾ ಎನ್ನುವರು ಹಲವರು. ಅಲ್ಲಿ ಮಹಾಪುರೋಹಿತನೆಂಬ ಬಿರುದೂ ಇದೆ. ವಿಗ್ರಹವನ್ನು ಒಲ್ಲದ ಯೆಹೂದ್ಯನ ಕೈಗೆ ಇಂಥ ಬೆಳ್ಳಿ ಎಷ್ಟು ಸುಟ್ಟಿರಬೇಕು!

ಭಾರತದಲ್ಲಿ ಹೇರಳವಾಗಿ ಸಿಗುವ ಅಗಸ್ಟಸನ ನಾಣ್ಯದ್ದು ಬೇರೊಂದು ಕಥೆ. ಅದರಲ್ಲಿ ಗುರಾಣಿ ಭರ್ಜಿಗಳ ಇಬ್ಬದಿ ಇಬ್ಬರು ತರುಣರು ನಿಂತಿದ್ದಾರೆ. ಗಾಯಸ್, ಲೂಸಿಯಸ್ ಎಂಬ ಮೊಮ್ಮಕ್ಕಳನ್ನು ದತ್ತು ಪಡೆದು, ಅವರೇ ತನ್ನ ಉತ್ತರಾಧಿಕಾರಿಗಳೆಂದು ಅಜ್ಜ ಲೋಕಕ್ಕೆ ಸಾರಿದ ಚಿತ್ರವಿದು. ಕ್ರಿ. ಶ. 2ರಲ್ಲಿ ಒಬ್ಬ, 4ರಲ್ಲಿ ಇನ್ನೊಬ್ಬ ತೀರಿಕೊಂಡರು. ಸಿಂಹಾಸನ ತಿಬೇರಿಯಸನಿಗೆ ಸಂದಿತು. ಪಟ್ಟವೇರದ ಆ ಹುಡುಗರ ಮುಖ ಕಡಲು ದಾಟಿ ನಮ್ಮ ನಾಡಿಗೆ ಬಂದಿತು.

ನಮ್ಮವರಿಗೆ ಈ ಮುಖಗಳು ಯಾರವಾದರೇನು? ಅವರು ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ನೋಡಿದರು. ರೋಮನ್ ಲೇಖಕ ಪ್ಲಿನಿ ಹೇಳುವಂತೆ, ಮುಖಗಳು ಬೇರೆಬೇರೆಯಾದರೂ ದೆನಾರಿಯಸ್ಸುಗಳ ತೂಕ ಒಂದೇ ಎಂಬುದನ್ನು ಕಂಡು ಲಂಕೆಯ ಅರಸ ರೋಮನ್ನರ ಪ್ರಾಮಾಣಿಕತೆಗೆ ತಲೆದೂಗಿದನಂತೆ. ಕ್ರಿ. ಶ. 64ರ ಸುಮಾರಿಗೆ ನೀರೋ ಆ ತೂಕವನ್ನು ಇಳಿಸಿದ. ಭಾರತದ ಬೆಳ್ಳಿ ನಿಧಿಗಳಲ್ಲಿ ಬಹುಪಾಲು ಅದಕ್ಕೂ ಹಿಂದಿನ ನಾಣ್ಯಗಳೇ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163, ವಿಮಾನ ಕಾರ್ಖಾನೆಯ ಬಳಿ 1965ರಲ್ಲಿ 256 ದೊರೆತವು. ಭಾರತದಲ್ಲಿ ಸಿಕ್ಕ ಎಷ್ಟೋ ನಾಣ್ಯಗಳಲ್ಲಿ ಚಕ್ರವರ್ತಿಯ ಕೆನ್ನೆಯ ಮೇಲೆಯೇ ಉಳಿಯ ಗೀರಿದೆ. ಬೆಳ್ಳಿಯನ್ನು ಪರೀಕ್ಷಿಸಲೋ, ಪರದೇಶದ ಚಲಾವಣೆಯನ್ನು ರದ್ದುಮಾಡಲೋ, ಪಂಡಿತರಲ್ಲಿ ಒಮ್ಮತವಿಲ್ಲ.

ಆ ಮುಖದ ಬೆಲೆ ಅರಿತವರು ಅಗೆತದ ಪಂಡಿತರು. ತಿಬೇರಿಯಸ್ ಆಳಿದ್ದು ಕ್ರಿ. ಶ. 14ರಿಂದ 37ರವರೆಗೆ. ಅವನ ನಾಣ್ಯ ಹುದುಗಿದ್ದ ಮಣ್ಣಿನ ಪದರ ಅದಕ್ಕಿಂತ ಹಳೆಯದಾಗಿರಲಾರದು. ಈ ಆಧಾರದಿಂದಲೇ ವೀಲರ್ ಚಂದ್ರವಳ್ಳಿಯ ಮಡಕೆಚೂರುಗಳಿಗೂ, ಅವುಗಳನ್ನು ಹೋಲುವ ಬ್ರಹ್ಮಗಿರಿಯ ಚೂರುಗಳಿಗೂ ಕಾಲವನ್ನು ಕಟ್ಟಿದರು. ಹೊಲದಲ್ಲಿ ಸಿಕ್ಕ ನಾಣ್ಯ ಜಿಲ್ಲಾಧಿಕಾರಿಗಳಿಗೆ ತಲುಪದೆ ನೇರವಾಗಿ ಅಕ್ಕಸಾಲಿಗನ ಮೂಸೆಗೆ ಬಿದ್ದಿದ್ದರೆ, ಅದರಿಂದ ಒಂದು ಜೊತೆ ಕಾಲುಂಗುರವಾಗುತ್ತಿತ್ತು, ಅಷ್ಟೇ.