ನಮ್ಮೂರಿನಿಂದ ಶುರುವಾಗುವ ಗುಡ್ಡ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ‘ಶಾಲೆಯ ನೆನಪುಗಳು’ ಎಂಬ ವಿಷಯ ಕೊಟ್ಟಿದ್ದರು. ನನಗಿಂತ ಮೊದಲು ಮಾತಾಡಿದ ಮೂವರು ಆ ಬುತ್ತಿಯನ್ನು ಪೂರ್ತಿ ಬಿಚ್ಚಿ ಉಣಬಡಿಸಿದ್ದಾರೆ. ಆದ್ದರಿಂದ ನಾನು ಶಾಲೆಯ ಕಿಟಕಿಯಿಂದ ಹೊರಗೆ ಕಾಣುವುದರ ಬಗ್ಗೆ ಮಾತಾಡುತ್ತೇನೆ. ಗಣಿತದ ತಾಸಿನಲ್ಲಿ ನಾನು ಅದನ್ನೇ ಹೆಚ್ಚು ನೋಡಿದ್ದು.

ನಾನು ನೌಕರಿಗೆಂದು ಊರು ಬಿಟ್ಟ ಮೇಲೆ ಯಾರಾದರೂ ‘ಯಾವ ಊರು?’ ಎಂದು ಕೇಳಿದರೆ ‘ಗದಗ ಹತ್ತಿರ’ ಎನ್ನುತ್ತಿದ್ದೆ. ಇನ್ನೂ ಒತ್ತಿ ಕೇಳಿದರೆ ‘ಬಿಂಕದಕಟ್ಟಿ, ಹುಬ್ಬಳ್ಳಿ ರೋಡಿಗೆ ಪ್ರಾಣಿಸಂಗ್ರಹಾಲಯ ಐತಲ್ಲ, ಅದೇ ಊರು’ ಎನ್ನುತ್ತಿದ್ದೆ. ಬಹಳ ವರ್ಷಗಳ ನಂತರ ಒಂದು ಪುಸ್ತಕದಲ್ಲಿ ಕಪ್ಪತಗುಡ್ಡದ ವಿವರ ಓದುವಾಗ ನಮ್ಮೂರಿನ ಹೆಸರು ಕಂಡಿತು. ವಾಯವ್ಯದಲ್ಲಿ ಬಿಂಕದಕಟ್ಟಿಯಿಂದ ಹೊರಟ ಗುಡ್ಡದ ಸಾಲು 60 ಕಿ.ಮೀ.ಗೂ ಹೆಚ್ಚು ದೂರ ಹೋಗಿ ಆಗ್ನೇಯದಲ್ಲಿ ಮುಂಡರಗಿ ತಾಲೂಕಿನ ಸಿಂಗಟರಾಯನಕೇರಿ ತಾಂಡಾದ ಬಳಿ, ತುಂಗಭದ್ರೆಯ ದಂಡೆಗೆ ಮುಗಿಯುತ್ತದೆ ಎಂದು ಬರೆದಿತ್ತು. ಅಂದರೆ ಇಡೀ ಗುಡ್ಡಕ್ಕೆ ತಲೆ ನಮ್ಮೂರು. ಹುಟ್ಟಿ ಬೆಳೆದವನಿಗೆ ಇದು ಪುಸ್ತಕದಿಂದ ತಿಳಿಯಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು.

‘ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು’ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಮಲೆನಾಡು ನೋಡಿದವರಿಗೆ ಇದು ಜಂಬದ ಮಾತು ಎನಿಸಬಹುದು. ಬೇಸಿಗೆಯಲ್ಲಿ ಬಂದವರಿಗಂತೂ ಗುಡ್ಡ ಬೋಳಾಗಿ, ಒಣಗಿದ ಹುಲ್ಲು ಹೊದ್ದು ಬಿದ್ದಿರುತ್ತದೆ. ಆದರೆ ಶ್ರಾವಣ ಕಳೆದ ಮೇಲೆ ಒಮ್ಮೆ ಹತ್ತಿ ನೋಡಿ. ತಂಗಡಿ ಹೂವು ಹಳದಿ ಹಾಸಿರುತ್ತದೆ, ಮೋಡ ತೋಳಿಗೆ ತಾಗಿ ಹೋಗುತ್ತದೆ. ಗಾಳಿಗುಂಡಿ ಬಸವಣ್ಣನ ಹತ್ತಿರ ನಿಂತರೆ ಆ ಹೆಸರು ಏಕೆ ಬಂತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಲೆಯ ಟೊಪ್ಪಿಗೆ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು. ಕಪ್ಪತಮಲ್ಲಯ್ಯನ ಗುಡಿಗೆ ಭಕ್ತಿಯಿಂದ ಹೋಗುವವರೂ ಇದ್ದಾರೆ, ದಾರಿ ಚೆಂದವೆಂದು ಹೋಗುವವರೂ ಇದ್ದಾರೆ. ನಾನು ಎರಡನೆಯ ಗುಂಪಿನವ. ಮಲ್ಲಯ್ಯ ಬೇಸರ ಮಾಡಿಕೊಂಡಿಲ್ಲ ಎಂದುಕೊಂಡಿದ್ದೇನೆ.

ಗುಡ್ಡ ಇಳಿದು ಆ ಕಡೆ ಹೋದರೆ ಡಂಬಳ. ಇಲ್ಲಿ ಕುಳಿತ ಮಕ್ಕಳಲ್ಲಿ ಎಷ್ಟು ಮಂದಿ ಡಂಬಳ ನೋಡಿದ್ದೀರಿ, ಕೈ ಎತ್ತಿ. ...ನೋಡಿ, ಹಂಪಿ ನೋಡಿದವರು ಇದಕ್ಕಿಂತ ಹೆಚ್ಚು ಇದ್ದೀರಿ! ಅಲ್ಲಿಯ ದೊಡ್ಡಬಸಪ್ಪನ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 12ನೆಯ ಶತಮಾನದ್ದು. ಅದರ ತಳವಿನ್ಯಾಸ ನಕ್ಷತ್ರದ ಆಕಾರ. ಗೋಡೆಗೆ ಕೈ ತಾಗಿಸಿ ಸುತ್ತ ನಡೆದರೆ ನೇರ ಗೋಡೆ ಸಿಗುವುದೇ ಇಲ್ಲ, ಮೂಲೆಯ ಮೇಲೆ ಮೂಲೆ ಬರುತ್ತದೆ. ಅದೇ ಊರಲ್ಲಿ 1095ರ ಶಾಸನವೊಂದಿದೆ. ಆಗ ಊರಿನ ಹೆಸರು ಧರ್ಮವೊಳಲು. ಅಲ್ಲಿ ಹದಿನಾರು ಜನ ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿದ್ದರು, ತಾರಾದೇವಿಯ ಪೂಜೆ ನಡೆಯುತ್ತಿತ್ತು. ಬಸವಣ್ಣನವರು ಹುಟ್ಟುವ ಮುಂಚಿನ ಮಾತಿದು. ಜಪದ ಬಾವಿಯ ಮೆಟ್ಟಿಲು ಇಳಿದು ಅಲ್ಲಿಯ ಗೂಡುಗಳಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತು ಬನ್ನಿ. ಬರುವಾಗ ಡಂಬಳದ ಪೇರಲ ಹಣ್ಣು ತರುವುದನ್ನು ಮರೆಯಬೇಡಿ.

ಈಗ ಗುಡ್ಡದ ಹೊಟ್ಟೆಯೊಳಗಿನ ಸುದ್ದಿ. ಇಲ್ಲಿಯ ಕಲ್ಲುಗಳು ಸುಮಾರು 250 ಕೋಟಿ ವರ್ಷ ಹಳೆಯವು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಲ್ಲಿಯ ಬಂಗಾರದ ಕಲ್ಲುಗಳ ಬಗ್ಗೆ 1874ರಲ್ಲಿ ಬರೆದರು. ಇಂಥ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರಿಟ್ಟವರೂ ಅವರೇ. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ನಮ್ಮ ಧಾರವಾಡದ ಹೆಸರು ಹೇಳುತ್ತಾರೆ. ಡೋಣಿ, ಸೊರಟೂರು ಹಳ್ಳಗಳ ಮರಳು ತೊಳೆದು ಬಂಗಾರದ ಪುಡಿ ತೆಗೆಯುವ ಜಾಲಗಾರರು ಫೂಟ್ ಬರುವ ಮೊದಲೇ ಇದ್ದರು. ಆಮೇಲೆ 20ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಗಳು ಬಂದು ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದವು.

ಬಂಗಾರದ ಆಸೆ ಮಾತ್ರ ಹೋಗಲಿಲ್ಲ. ನಮ್ಮ ಕಾಲದಲ್ಲೇ ಮತ್ತೆ ಗಣಿಗಾರಿಕೆಯ ಮಾತು ಬಂತು. 2015ರ ಕೊನೆಗೆ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಸಾರಿದ್ದ ಸರಕಾರ 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆಗ ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಅದಕ್ಕೂ ಮೊದಲು, 2011ರಲ್ಲಿ, ಹಳ್ಳಿಗುಡಿಯ ಹತ್ತಿರ ಪೋಸ್ಕೋ ಉಕ್ಕಿನ ಕಾರ್ಖಾನೆ ಬೇಡವೆಂದು ರೈತರ ಜೊತೆ ನಿಂತವರೂ ಅವರೇ. 2017ರಲ್ಲಿ ಗದಗಿನಲ್ಲಿ ಧರಣಿ ಕುಳಿತಾಗ ನಾನೂ ಒಂದು ದಿನ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅದೇ ವರ್ಷ ಮೀಸಲು ಸ್ಥಾನ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ಕಂಪನಿ, ಸರಕಾರ ಎಂದು ಬೇರೆಯವರ ಕಡೆ ಬೆರಳು ತೋರಿಸುವುದು ಸುಲಭ. ಈಗ ನನ್ನದೊಂದು ತಪ್ಪನ್ನು ಹೇಳಬೇಕು. ಐವತ್ತು ವರ್ಷದ ಲೆಕ್ಕ ಹೇಳುವ ದಿನ ಇದನ್ನು ಮುಚ್ಚಿಟ್ಟರೆ ಸರಿಯಾಗದು.

ಒಂಬತ್ತನೆಯ ಇಯತ್ತೆ ಮುಗಿದ ಬೇಸಿಗೆ ಸೂಟಿ. ನಾವು ನಾಲ್ಕು ಜನ ಗೆಳೆಯರು ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದೆವು. ಹಳೆ ಬಾದೆ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ ಎಂದು ದೊಡ್ಡವರು ಮಾತಾಡಿದ್ದು ಕೇಳಿದ್ದೆವು. ಕಡ್ಡಿ ಗೀರಿದವನು ನಾನೇ. ಒಂದು ಹಾಸಿಗೆಯಷ್ಟು ಜಾಗ ಸುಡಬೇಕು ಎಂಬುದು ನಮ್ಮ ಎಣಿಕೆ. ಗಾಳಿ ಬೀಸಿತು. ಟೊಂಗೆ ಮುರಿದು ಬಡಿದೆವು, ಅಂಗಿ ಬಿಚ್ಚಿ ಬಡಿದೆವು, ಕೊನೆಗೆ ದನ ಹೊಡೆದುಕೊಂಡು ಓಡಿ ಬಂದೆವು. ಎರಡು ರಾತ್ರಿ ಉರಿಯಿತು. ಅಂಗಳದಲ್ಲಿ ಮಲಗಿದರೆ ಕೆಂಪು ಗೆರೆಯೊಂದು ಗುಡ್ಡ ಏರುತ್ತಿರುವುದು ಕಾಣುತ್ತಿತ್ತು. ಅಪ್ಪ, ‘ಯಾರ್ ಹಚ್ಚಿದ್ರೋ ಏನೋ, ಅವರ ಕೈ ಸೇದಿಹೋಗ್ಲಿ’ ಅಂದ. ನಾನು ಚಾದರ ಮುಖದ ಮೇಲೆ ಎಳೆದುಕೊಂಡೆ.

ನಾಲ್ಕನೆಯ ದಿನ ಒಬ್ಬನೇ ಹೋಗಿ ನೋಡಿದೆ. ಪ್ರತಿವರ್ಷ ನಾವು ಬಾಯಿ ಕೆಂಪಾಗುವಂತೆ ತಿನ್ನುತ್ತಿದ್ದ ಕವಳಿ ಹಣ್ಣಿನ ಕಂಟಿಗಳು ಕರಿ ಕಡ್ಡಿಗಳಾಗಿ ನಿಂತಿದ್ದವು. ಒಂದು ಕಂಟಿಯ ಬುಡದಲ್ಲಿ ಗೌಜಗದ ಐದು ಮೊಟ್ಟೆ ಬೆಂದು ಬಿರಿದಿದ್ದವು. ಮಳೆ ಬಂದಾಗ ಹುಲ್ಲು ಚಿಗುರಿತು, ಸುಳ್ಳು ಹೇಳುವುದಿಲ್ಲ. ಆದರೆ ಬೂದಿಯ ಜೊತೆ ಮೇಲಿನ ಮಣ್ಣೂ ಹಳ್ಳಕ್ಕೆ ಹರಿದು ಹೋಯಿತು. ಆ ಕವಳಿ ಕಂಟಿಗಳು ಮತ್ತೆ ಕಾಯಿ ಬಿಟ್ಟದ್ದನ್ನು ನಾನು ಈ ಊರಲ್ಲಿರುವವರೆಗೆ ನೋಡಲಿಲ್ಲ. ಅಪ್ಪನಿಗೆ ಈ ಮಾತು ಕೊನೆಯವರೆಗೂ ಹೇಳಲಿಲ್ಲ. ಇಂದು ಮೊದಲ ಸಲ ಹೇಳುತ್ತಿದ್ದೇನೆ. ಉಳಿದ ಮೂವರಲ್ಲಿ ಇಬ್ಬರು ಇಲ್ಲೇ ಸಭೆಯಲ್ಲಿ ಕುಳಿತು ನಗುತ್ತಿದ್ದಾರೆ, ಹೆಸರು ಹೇಳುವುದಿಲ್ಲ.

ಈಗಲೂ ಪ್ರತಿ ಬೇಸಿಗೆ ಗುಡ್ಡಕ್ಕೆ ಬೆಂಕಿ ಬಿತ್ತು ಎಂದು ಪತ್ರಿಕೆಯಲ್ಲಿ ಓದುತ್ತೇನೆ. ಅಲ್ಲಿ ಈಗ ತೋಳ, ಕತ್ತೆಕಿರುಬ, ಚಿರತೆ ಇವೆ ಎಂಬುದನ್ನೂ ಓದುತ್ತೇನೆ. ಬೆಂಕಿ ತಾನಾಗಿ ಹತ್ತುವುದು ಬಹಳ ಅಪರೂಪ. ಹೆಚ್ಚಿನ ಸಲ ಯಾವುದೋ ಊರಿನ ಯಾರದೋ ಕೈಯಲ್ಲಿ ಕಡ್ಡಿಪೆಟ್ಟಿಗೆ ಇರುತ್ತದೆ.

ಗುರುಗಳಲ್ಲಿ ಒಂದು ವಿನಂತಿ ಮಾಡಿ ಮುಗಿಸುತ್ತೇನೆ. ಪ್ರತಿವರ್ಷ ಮಳೆಗಾಲ ಮುಗಿಯುತ್ತಲೇ, ಅರಣ್ಯ ಇಲಾಖೆಯ ಪರವಾನಿಗೆ ಪಡೆದು, ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ದಿನ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಮುಂಜಾನೆ ಗುಡ್ಡ, ಮಧ್ಯಾಹ್ನ ಡಂಬಳದ ಗುಡಿ. ಬಸ್ಸಿನ ಖರ್ಚು ನಮ್ಮ ಬ್ಯಾಚಿನವರು ಕೊಡುತ್ತೇವೆ, ಈಗಾಗಲೇ ಮಾತಾಡಿಕೊಂಡಿದ್ದೇವೆ.

ಇನ್ನೊಂದು. ಈ ನೋಟುಬುಕ್ಕನ್ನು ಶಾಲೆಯ ವಾಚನಾಲಯಕ್ಕೆ ಕೊಡುತ್ತಿದ್ದೇನೆ. ನಮ್ಮ ಓಣಿಯ ದನ ಕಾಯುವ ಅಜ್ಜನ ಜೊತೆ ಎರಡು ವರ್ಷ ಗುಡ್ಡ ಸುತ್ತಿ ಬರೆದುಕೊಂಡ ಗಿಡಗಳ ಹೆಸರು ಇದರಲ್ಲಿವೆ: ಅಮೃತಬಳ್ಳಿ, ಮಧುನಾಶಿನಿ, ಹಲವು ಮಕ್ಕಳ ತಾಯಿಬೇರು, ಹೀಗೆ ನೂರಾ ಹನ್ನೊಂದು. ಅಜ್ಜ ಹೋದ ವರ್ಷ ತೀರಿಕೊಂಡರು. ಕೊನೆಯ ಹದಿನಾಲ್ಕು ಪುಟಗಳಲ್ಲಿ ಎಲೆಯನ್ನು ಒಣಗಿಸಿ ಅಂಟಿಸಿದ್ದೇನೆ, ಹೆಸರು ಬರೆದಿಲ್ಲ. ನಿಮ್ಮ ನಿಮ್ಮ ಮನೆಯ ಅಜ್ಜ-ಅಮ್ಮಂದಿರಿಗೆ ತೋರಿಸಿ, ಕೇಳಿ, ಪೆನ್ಸಿಲಿನಿಂದ ಬರೆಯಿರಿ.