ಪೇಟೆಗೆ ಹೊರಟ ಮಗು

ಸಂಜೆಯ ಹೊತ್ತಿನಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಓಣಿಗಳನ್ನು ಹಾದುಹೋದವರು, ಯಾವುದಾದರೊಂದು ಅಂಗಡಿಯ ಮುಂದೆ ಹಟ ಹಿಡಿದು ಅಳುವ ಮಗುವನ್ನು ಕಾಣದೆ ಹಿಂದಿರುಗುವುದು ಅಪರೂಪ. ತಾಯಿಯ ಒಂದು ಕೈಯಲ್ಲಿ ತರಕಾರಿಯ ಚೀಲ, ಇನ್ನೊಂದರಲ್ಲಿ ಮಗುವಿನ ರಟ್ಟೆ. ಸುತ್ತಲಿನವರೆಲ್ಲ ನೋಡುತ್ತಿದ್ದಾರೆಂಬ ಸಂಕೋಚದಲ್ಲಿ ಆಕೆ ಗದರುತ್ತಾಳೆ. ಅದೂ ಸಾಗದಿದ್ದರೆ ಬಲೂನು ಕೊಡಿಸಿ ಬಾಯಿ ಮುಚ್ಚಿಸುತ್ತಾಳೆ.

ಪೇಟೆಯನ್ನು ಒಮ್ಮೆ ಮಗುವಿನ ಎತ್ತರದಿಂದ ನೋಡಬೇಕು. ನಮಗೆ ಮಲ್ಲಿಗೆಯ ಮಾಲೆ, ಅರಿಸಿನ ಕುಂಕುಮಗಳ ರಾಶಿ, ರಸಬಾಳೆಯ ಗೊನೆ ಕಾಣುತ್ತವೆ. ಮೂರು ವರ್ಷದ ಮಗುವಿಗೆ ಕಾಣುವುದು ಜನರ ಮೊಣಕಾಲು, ಚೀಲಗಳ ತಳ. ಹಸಿವು ನಿದ್ರೆಗಳ ಹೊತ್ತಿನಲ್ಲಿ ಅದನ್ನು ಎಳೆದೊಯ್ದು, ಗಂಟೆಗಟ್ಟಲೆ ನಿಲ್ಲಿಸಿ, ಆಮೇಲೆ ಹಟಮಾರಿಯೆಂದು ದೂರುವುದು ನ್ಯಾಯವಲ್ಲ. ಉಣ್ಣಿಸಿ ಕರೆದೊಯ್ದರೆ ಅರ್ಧ ಹಟ ಮನೆಯಲ್ಲಿಯೇ ಉಳಿಯುತ್ತದೆ. ಉಳಿದರ್ಧಕ್ಕೆ ಕೆಲಸವೇ ಮದ್ದು. ನಿಂಬೆಹಣ್ಣುಗಳನ್ನು ಎಣಿಸುವ, ಕೊತ್ತಂಬರಿಯ ಕಟ್ಟನ್ನು ಹಿಡಿದುಕೊಳ್ಳುವ ಹೊಣೆ ಬಿದ್ದರೆ ನಾಲ್ಕು ವರ್ಷದ ಮಗು ಕೂಡ ಗಂಭೀರವಾಗಿಬಿಡುತ್ತದೆ. ನನ್ನ ಮೊಮ್ಮಗಳು ಬೆಂಡೆಕಾಯಿಯ ತುದಿ ಮುರಿದು ನೋಡುವುದನ್ನು ಅಜ್ಜಿಯಿಂದ ಕಲಿತು, ಈಗ ಬಲಿತದ್ದೋ ಎಳೆಯದೋ ಎಂದು ತೀರ್ಪು ಕೊಡುತ್ತಾಳೆ. ಅಂಗಡಿಯವನಿಗೆ ಆ ತೀರ್ಪು ಯಾವಾಗಲೂ ಒಪ್ಪಿಗೆಯಾಗುತ್ತದೆಂದು ಹೇಳಲಾರೆ.

ಭಾಷೆಯನ್ನು ಕಲಿಸುತ್ತ ಬಾಳಿದವನಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು, ಅಲ್ಲಿ ಹಿರಿಯರು ಮಕ್ಕಳೊಡನೆ ಆಡುವ ಮಾತು. 'ನಾಳೆ ಕೊಡಿಸುತ್ತೇನೆ', 'ಪೊಲೀಸಿನವನು ಹಿಡಿದುಕೊಂಡು ಹೋಗುತ್ತಾನೆ', 'ಇಲ್ಲಿಯೇ ಬಿಟ್ಟುಹೋಗುತ್ತೇನೆ'. ಮೂರೂ ಸುಳ್ಳು. 1990ರ ದಶಕದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದುದು ನಿಮಗೆ ನೆನಪಿರಬಹುದು. ರಾತ್ರಿ ಬರುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತಿತ್ತಂತೆ, ಮರುದಿನವೂ ಹಾಗೆಯೇ. ಮಗು ಅಷ್ಟು ದಡ್ಡತನ ತೋರುವುದಿಲ್ಲ. ಎರಡು ನಾಳೆಗಳು ಕಳೆಯುವಷ್ಟರಲ್ಲಿ ಆ ಪದದ ಅರ್ಥ 'ಎಂದಿಗೂ ಇಲ್ಲ' ಎಂದು ತನ್ನ ನಿಘಂಟಿನಲ್ಲಿ ತಿದ್ದಿಕೊಳ್ಳುತ್ತದೆ. ಪೊಲೀಸಿನ ಭಯವಂತೂ ಅಪಾಯಕರವಾದದ್ದು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯಂಥ ನೂಕುನುಗ್ಗಲಿನಲ್ಲಿ ಮಗು ಕೈತಪ್ಪಿತೆನ್ನಿ. ಅದು ಓಡಿಹೋಗಿ ನೆರವು ಕೇಳಬೇಕಾದುದು ಆ ಖಾಕಿಯವರನ್ನೇ. ಅವರನ್ನು ಕಂಡೊಡನೆ ಅಡಗಿಕೊಳ್ಳುವುದನ್ನು ನಾವೇ ಕಲಿಸಿರುತ್ತೇವೆ. ಬಿಟ್ಟುಹೋಗುವ ಮಾತನ್ನು ನಾವು ಆಡಿ ಮರೆಯುತ್ತೇವೆ, ಮಗು ನಂಬಿಬಿಡುತ್ತದೆ.

'ಇವತ್ತು ಆಟಿಕೆ ಇಲ್ಲ' ಎಂಬುದನ್ನು ಮನೆಯ ಹೊಸ್ತಿಲಲ್ಲಿಯೇ ಹೇಳಿ ಹೊರಡುವುದು ಮೇಲು. ಹೇಳಿದ ಮೇಲೆ ಅಳುವಿಗೆ ಮಣಿಯಬಾರದು. ಮೊದಲ ಸಲ ಬೇಡವೆಂದು, ಹತ್ತನೆಯ ಸಲ ಕೊಡಿಸಿದರೆ, ಹತ್ತು ಸಲ ಅಳಬೇಕೆಂಬ ಲೆಕ್ಕ ಮಗುವಿಗೆ ಸಿಕ್ಕಂತೆಯೇ. ಅಳು ತಡೆಯಲಾರದಷ್ಟಾದರೆ ಎತ್ತಿಕೊಂಡು ಹೊರಗೆ ಬಂದು ನಿಂತರಾಯಿತು, ಬದನೆಕಾಯಿ ಓಡಿಹೋಗುವುದಿಲ್ಲ.

ಈಗಿನ ದೊಡ್ಡ ಮಳಿಗೆಗಳಲ್ಲಿ ಈ ಕೆಲಸ ಇನ್ನೂ ಕಠಿಣ. ಬಿಲ್ಲು ಮಾಡಿಸಲು ಸಾಲು ನಿಲ್ಲುವ ಕಡೆಯಲ್ಲಿಯೇ, ಮಕ್ಕಳ ಕೈಗೆಟಕುವಂತೆ ಚಾಕೊಲೇಟುಗಳನ್ನು ಜೋಡಿಸಿರುತ್ತಾರೆ. ಹಣವಂತೂ ಕಣ್ಣಿಗೇ ಬೀಳದು. ಅಪ್ಪ ಫೋನನ್ನು ಚೌಕದ ಮುಂದೆ ಹಿಡಿದರೆ ಸಾಮಾನು ಬರುತ್ತದೆ. ಇನ್ನೊಮ್ಮೆ ಹಿಡಿದರೆ ಇನ್ನೊಂದು ಏಕೆ ಬರಬಾರದು? ಮಗುವಿನ ತರ್ಕದಲ್ಲಿ ದೋಷವಿಲ್ಲ. ಅಪರೂಪಕ್ಕೊಮ್ಮೆ ಹತ್ತು ರೂಪಾಯಿಯ ಎರಡು ನಾಣ್ಯಗಳನ್ನು ಅದರ ಅಂಗೈಯಲ್ಲಿಟ್ಟು, ಇಷ್ಟರಲ್ಲಿ ನಿನಗೆ ಬೇಕಾದುದನ್ನು ಆರಿಸಿಕೊ ಎನ್ನಬಹುದು. ಬಣ್ಣದ ಪೆನ್ಸಿಲೋ ಬುಗುರಿಯೋ ಎಂದು ಅದು ಹತ್ತು ನಿಮಿಷ ನಿಂತೀತು. ನಿಲ್ಲಲಿ, ನಾವೂ ಜೊತೆಯಲ್ಲಿ ನಿಲ್ಲೋಣ.