ತನ್ನ ಹೊಗೆಯಿಂದ ತಾನೇ ತಿದಿಯೊತ್ತಿಕೊಂಡ ಕಾರು

ಬೆಂಕಿಗೆ ಸೌದೆ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯವೆಂಬುದನ್ನು ನಮ್ಮ ಹಳ್ಳಿಗಳ ಕಮ್ಮಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಲುಮೆಯಲ್ಲಿ ಇದ್ದಿಲು ಎಷ್ಟೇ ಇರಲಿ, ತಿದಿಯೊತ್ತುವ ಕೈ ನಿಂತರೆ ಕಬ್ಬಿಣ ಕೆಂಪಾಗುವುದಿಲ್ಲ. ತಿದಿಯೊತ್ತಲು ಒಬ್ಬ ಆಳು ಬೇಕು, ಅವನಿಗೆ ಕೂಲಿ ಕೊಡಬೇಕು. ಕುಲುಮೆಯೊಂದು ತನ್ನಿಂದ ಹೊರಹೋಗುವ ಹೊಗೆಯ ಬಲದಿಂದಲೇ ತನ್ನ ತಿದಿಯನ್ನು ಒತ್ತಿಕೊಳ್ಳುವಂತಾದರೆ ಹೇಗೆ? ಮೋಟಾರು ಎಂಜಿನಿನಲ್ಲಿ ಟರ್ಬೊಚಾರ್ಜರ್ ಎಂಬ ಸಾಧನ ಮಾಡುವುದು ಈ ಕೆಲಸವನ್ನೇ. ಆ ಸಾಧನಕ್ಕೆ ಕೀರ್ತಿ ತಂದ ಒಂದು ಅಮೆರಿಕನ್ ಕಾರಿನ ಕಥೆಯನ್ನೂ, ಹುಳಿಯಾರು, ತಿಪಟೂರು, ತುರುವೇಕೆರೆಗಳ ನಮ್ಮ ತೆಂಗಿನ ಸೀಮೆಗೆ ಆ ಕಥೆ ಕಲಿಸಬಹುದಾದ ಒಂದು ಪಾಠವನ್ನೂ ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಅದರ ಮರ್ಮವನ್ನು ತಿಳಿಯೋಣ. ಒಂದು ಸೇರು ತೂಕದ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು ಹದಿನೈದು ಸೇರು ತೂಕದ ಗಾಳಿ ಬೇಕು. ಸಾಧಾರಣ ಎಂಜಿನ್ ತನ್ನ ಉಸಿರಿನಲ್ಲಿ ಎಷ್ಟು ಗಾಳಿಯನ್ನು ಎಳೆದುಕೊಳ್ಳಬಲ್ಲುದೋ ಅಷ್ಟಕ್ಕೆ ತಕ್ಕ ಇಂಧನವನ್ನು ಮಾತ್ರ ಉರಿಸುತ್ತದೆ. ಹಾಗೆ ಉರಿಸಿದ ಇಂಧನದ ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೊಗೆಕೊಳವೆಯ ಮೂಲಕ ಬಯಲಿನ ಪಾಲಾಗುತ್ತದೆ. ಟರ್ಬೊಚಾರ್ಜರಿನಲ್ಲಿ ಒಂದೇ ಅಚ್ಚಿನ ಎರಡು ತುದಿಗಳಿಗೆ ಎರಡು ಪುಟ್ಟ ಚಕ್ರಗಳಿರುತ್ತವೆ. ಹೊರಹೋಗುವ ಬಿಸಿಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ; ಜೊತೆಗೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ಈ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತನ್ನು ಮೀರಿ ತಿರುಗಬಲ್ಲವು.

ಈ ಉಪಾಯವನ್ನು ಕಂಡವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ವಿಮಾನದ ಎಂಜಿನೊಂದನ್ನು ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಶಿಖರಕ್ಕೆ ಸಾಗಿಸಿ, ಗಾಳಿ ತೆಳುವಾದ ಆ ನೆತ್ತಿಯಲ್ಲಿಯೂ ಅದು ಸಮುದ್ರಮಟ್ಟದ ಶಕ್ತಿಯನ್ನೇ ಕೊಡುವಂತೆ ಮಾಡಿ ತೋರಿಸಿದ. ಮಾರಾಟದ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್‌ಗಳ ಮೂಲಕ. ಆದರೆ ಆಗ ಅಮೆರಿಕಕ್ಕೆ ಅದರ ಅಗತ್ಯ ತೋರಲಿಲ್ಲ. ಪೆಟ್ರೋಲು ಅಗ್ಗವಾಗಿತ್ತು, ಎಂಜಿನ್ನಿನ ಗಾತ್ರವನ್ನು ಹಿಗ್ಗಿಸಿದರೆ ಶಕ್ತಿ ತಾನಾಗಿ ಬರುತ್ತಿತ್ತು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಓ ಕಾರಿನಿಂದ ಮೊದಲುಗೊಂಡು, ಸಾಧಾರಣ ಮೈಯಲ್ಲಿ ಭಾರಿ ಎಂಜಿನನ್ನು ಹೊತ್ತ ಎರಡು ಬಾಗಿಲಿನ ಕಾರುಗಳ ಒಂದು ಪೀಳಿಗೆಯೇ ಹುಟ್ಟಿತು. ಅಲ್ಲಿಯವರು ಅವನ್ನು ಮಸಲ್ ಕಾರುಗಳೆಂದು ಕರೆದರು. ನಾವು ಜಟ್ಟಿ ಕಾರುಗಳೆಂದರೆ ಒಪ್ಪುತ್ತದೆ.

ಜಟ್ಟಿಗಳ ಕಾಲ ಹತ್ತು ವರ್ಷವೂ ನಡೆಯಲಿಲ್ಲ. 1970ರಲ್ಲಿ ಹೊಗೆಯ ಮೇಲೆ ಕಟ್ಟುನಿಟ್ಟಿನ ಕಾಯಿದೆ ಬಂದಿತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದಾಗ ಪೆಟ್ರೋಲು ಬಂಕುಗಳ ಮುಂದೆ ಮೈಲುದ್ದದ ಸಾಲುಗಳು ನಿಂತವು. ಈ ಸಂಕಟದ ನಡುವೆ ನಡೆದ ಒಂದು ಸಂಗತಿ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಬ್ಯೂಯಿಕ್ ಸಂಸ್ಥೆ 1962ರ ಮಾದರಿಗೆಂದು ಆರು ಸಿಲಿಂಡರಿನ ಒಂದು ಚಿಕ್ಕ ಎಂಜಿನನ್ನು ತಯಾರಿಸಿತ್ತು. ಇಷ್ಟು ಸಣ್ಣದು ಯಾರಿಗೆ ಬೇಕೆಂದು 1967ರಲ್ಲಿ ಅದನ್ನು ತಯಾರಿಸುವ ಯಂತ್ರಗಳನ್ನೆಲ್ಲ ಜೀಪು ಮಾಡುವವರಿಗೆ ಮಾರಿಬಿಟ್ಟಿತ್ತು. ಎಣ್ಣೆಯ ಬರ ಬಂದಮೇಲೆ, 1974ರಲ್ಲಿ, ಬ್ಯೂಯಿಕ್‌ನ ಒಡೆತನ ಹೊಂದಿದ್ದ ಜನರಲ್ ಮೋಟಾರ್ಸ್ ಕಂಪನಿಯು ಆ ಯಂತ್ರಗಳನ್ನು ಮರಳಿ ಕೊಂಡುತಂದಿತು. ಬೇಡವೆಂದು ಮನೆಯಿಂದ ಕಳಿಸಿದ ಮಗನನ್ನು ಕಷ್ಟಕಾಲದಲ್ಲಿ ಕರೆದುತಂದಂತಾಯಿತು.

ಈ ಎಂಜಿನ್ ಮಿತವ್ಯಯದ್ದು ನಿಜ, ಆದರೆ ಬಲ ಸಾಲದು. ಆಗ ಬ್ಯೂಯಿಕ್ಕಿನ ಎಂಜಿನಿಯರುಗಳು ಟರ್ಬೊಚಾರ್ಜರಿನ ಕಡೆ ತಿರುಗಿದರು. 1976ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಓಟಗಾರರಿಗೆ ಮುಂದಾಳಾಗಿ ಓಡಿದ್ದು ಇಂಥದೊಂದು ಎಂಜಿನಿನ ಕಾರು. 1978ರಲ್ಲಿ ರೀಗಲ್ ಎಂಬ ಎರಡು ಬಾಗಿಲಿನ ಕಾರಿನಲ್ಲಿ 3.8 ಲೀಟರಿನ ಈ ಎಂಜಿನ್ ಟರ್ಬೊಸಹಿತವಾಗಿ ಮಾರಾಟಕ್ಕೆ ಬಂದಾಗ ಅದರ ಹೆಚ್ಚಿನ ಶಕ್ತಿ 165 ಅಶ್ವಬಲ. ಮುಂದಿನ ಒಂಬತ್ತು ವರ್ಷ ಅವರು ಗಾತ್ರವನ್ನು ಹಿಗ್ಗಿಸಲಿಲ್ಲ. ಅದರ ಸ್ವಭಾವವನ್ನು ಅಭ್ಯಾಸ ಮಾಡಿದರು. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಇಂಧನವನ್ನು ಹೊತ್ತಿಗೆ ಮುಂಚೆ ಹೊತ್ತಿಸಿ ಎಂಜಿನಿನೊಳಗೆ ಬಡಿತವನ್ನೆಬ್ಬಿಸುತ್ತದೆ. ಆ ಬಡಿತವನ್ನು ಆಲಿಸಿ ಕಿಡಿಯನ್ನು ಹಿಂದೆಮುಂದೆ ಮಾಡಲು ವಿದ್ಯುತ್ ಸಾಧನಗಳನ್ನು ಜೋಡಿಸಿದರು. 1986ರ ಮಾದರಿಯಲ್ಲಿ ಒತ್ತಿದ ಗಾಳಿಯನ್ನು ತಣಿಸಿ ಒಳಬಿಡುವ ಇಂಟರ್‌ಕೂಲರನ್ನು ಸೇರಿಸಿದರು.

ಗ್ರ್ಯಾಂಡ್ ನ್ಯಾಷನಲ್ ಎಂಬ ಹೆಸರಿನಿಂದ, 1984ರಿಂದಾಚೆಗೆ ಮೈಯೆಲ್ಲ ಕಪ್ಪು ಬಣ್ಣ ಬಳಿದುಕೊಂಡು ಹೊರಬಂದ ಈ ಕಾರು 1987ರಲ್ಲಿ 245 ಅಶ್ವಬಲ ಪಡೆದಿತ್ತು. ಅದೇ ವರ್ಷ ಅದೇ ಕಂಪನಿಯ ಹೆಮ್ಮೆಯ ಕ್ರೀಡಾಕಾರಾದ ಕಾರ್ವೆಟ್, ಎಂಟು ಸಿಲಿಂಡರಿನ 5.7 ಲೀಟರ್ ಎಂಜಿನಿನಿಂದ ಪಡೆಯುತ್ತಿದ್ದುದು 240. ಸಂಸಾರಸ್ಥರ ಕಾರಿನ ಮೈಯಲ್ಲಿದ್ದ ಆರು ಸಿಲಿಂಡರಿನ ಎಂಜಿನ್ ಮನೆಯ ಜಟ್ಟಿಯನ್ನೇ ಮೀರಿಸಿತ್ತು. ಆ ವರ್ಷವೇ 547 ಕಾರುಗಳನ್ನು ಮಾತ್ರ ಜಿಎನ್‌ಎಕ್ಸ್ ಎಂಬ ಹೆಸರಿನಲ್ಲಿ ಇನ್ನಷ್ಟು ಹುರಿಗೊಳಿಸಿ ಹೊರತಂದರು. ಅದರ ಘೋಷಿತ ಶಕ್ತಿ 276 ಅಶ್ವಬಲ. ನಿಂತಲ್ಲಿಂದ ಗಂಟೆಗೆ ಅರವತ್ತು ಮೈಲಿಯ ವೇಗಕ್ಕೆ ಏರಲು ಅದಕ್ಕೆ ಬೇಕಾದದ್ದು 4.7 ಸೆಕೆಂಡು ಎಂದು ಕಾರ್ ಅಂಡ್ ಡ್ರೈವರ್ ಪತ್ರಿಕೆ ಅಳೆದು ಹೇಳಿತು. ಆ ಡಿಸೆಂಬರಿನಲ್ಲಿ ಈ ಮಾದರಿಯ ತಯಾರಿಕೆ ನಿಂತಿತು. ಅಂದಿನಿಂದ ಇಂದಿನವರೆಗೂ ಅದನ್ನು ಜೋಪಾನ ಮಾಡುವ ಅಭಿಮಾನಿಗಳಿದ್ದಾರೆ.

ಈ ಕಥೆಯನ್ನು ಕೇಳಿದ ಯಾರಿಗಾದರೂ ಮೆಚ್ಚುಗೆ ಮೂಡುವುದು ಸಹಜ. ತೆಂಗಿನ ಸೀಮೆಯ ನನ್ನಂಥವನಿಗೆ ಅದು ಇನ್ನೂ ಹೆಚ್ಚು. ಮರದಿಂದ ಇಳಿದದ್ದರಲ್ಲಿ ಬಿಸಾಡುವಂಥದು ಒಂದೂ ಇಲ್ಲವೆಂದು ತಿಳಿದ ಜನ ನಾವು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದರೆ ಉಂಡೆಕೊಬ್ಬರಿ, ಮಟ್ಟೆಯಿಂದ ನಾರು, ಚಿಪ್ಪಿನಿಂದ ಇದ್ದಿಲು, ಗರಿಯಿಂದ ಪೊರಕೆ. ಹೊಗೆಯನ್ನೂ ದುಡಿಸಿಕೊಂಡ ಎಂಜಿನ್ ನಮ್ಮ ಮನೆಯದೇ ಬುದ್ಧಿಯೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ಇಲ್ಲಿಯೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಎಣ್ಣೆ ಉಳಿಸಬೇಕೆಂದು ಮರಳಿ ತಂದ ಎಂಜಿನ್ ಕೊನೆಗೆ ಯಾವುದಕ್ಕೆ ಹೆಸರಾಯಿತು? ವೇಗಕ್ಕೆ. ಉಳಿತಾಯದ ಉಪಾಯ ಕೈಗೆ ಸಿಕ್ಕಿದೊಡನೆ ಅದನ್ನು ಉಳಿತಾಯಕ್ಕೆ ಬಳಸುವುದಕ್ಕಿಂತ ಹೆಚ್ಚಿನ ಬಲಕ್ಕೆ ಬಳಸುವ ಆಸೆ ಮುಂದಾಯಿತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1865ರಷ್ಟು ಹಿಂದೆಯೇ ಕಲ್ಲಿದ್ದಲಿನ ವಿಚಾರದಲ್ಲಿ ಇದನ್ನು ಗುರುತಿಸಿದ್ದ. ಉಗಿಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲಿನಿಂದ ಹೆಚ್ಚು ಕೆಲಸ ಮಾಡತೊಡಗಿದಂತೆ, ದೇಶದಲ್ಲಿ ಕಲ್ಲಿದ್ದಲಿನ ಒಟ್ಟು ಖರ್ಚು ಇಳಿಯುವ ಬದಲು ಏರುತ್ತದೆ ಎಂಬುದು ಅವನ ವಾದ.

ನಮ್ಮ ಸೀಮೆಗೆ ಕಪ್ಪು ಕಾರು ಬರದಿದ್ದರೂ ಅದರ ಉಸಿರಿನ ವಿದ್ಯೆ ಬಂದಿದೆ. ಕೊಬ್ಬರಿ ಹೊತ್ತು ಹೋಗುವ ಲಾರಿಗಳ ಡೀಸೆಲ್ ಎಂಜಿನುಗಳಲ್ಲಿ ಟರ್ಬೊ ಈಗ ಸಾಮಾನ್ಯ ಸಂಗತಿ. ಅದಕ್ಕಿಂತ ನಮ್ಮ ಬದುಕನ್ನು ಆಳವಾಗಿ ತಟ್ಟಿದ್ದು ಕೊಳವೆಬಾವಿ ಕೊರೆಯುವ ಲಾರಿ. ಅದರ ಮೇಲಿನ ದೊಡ್ಡ ಡೀಸೆಲ್ ಎಂಜಿನ್ ಟರ್ಬೊದಿಂದ ಉಸಿರು ಪಡೆದು ಕಂಪ್ರೆಸರನ್ನು ನಡೆಸುತ್ತದೆ. ಚದರ ಅಂಗುಲಕ್ಕೆ ನೂರಾರು ಪೌಂಡಿನ ಒತ್ತಡದ ಗಾಳಿ ಕೊಳವೆಯೊಳಗಿಳಿದು ಸುತ್ತಿಗೆಯನ್ನು ಬಡಿದು ಬಂಡೆಯನ್ನು ಪುಡಿಮಾಡಿ, ಆ ಪುಡಿಯನ್ನು ಮೇಲಕ್ಕೆ ಊದುತ್ತದೆ. ರಾತ್ರಿಯೆಲ್ಲ ಅದರ ಮೊರೆತವನ್ನು ಕೇಳಿ, ಬೆಳಿಗ್ಗೆ ತೋಟದ ಮೇಲೆ ಬಿಳಿಯ ಧೂಳು ಕೂತದ್ದನ್ನು ಕಾಣದ ಊರು ನಮ್ಮಲ್ಲಿ ವಿರಳ. ಸಾವಿರ ಅಡಿಯ ಮಾತು ಈಗ ಯಾರನ್ನೂ ಬೆರಗುಗೊಳಿಸುವುದಿಲ್ಲ.

ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದಲ್ಲಿ ಎತ್ತುಗಳ ದಣಿವೇ ಬಾವಿಗೆ ಕಾವಲಾಗಿತ್ತು. ಆ ಕಷ್ಟವನ್ನು ಮತ್ತೆ ಬಯಸುವಷ್ಟು ಕಠಿಣಮನಸ್ಸು ನನ್ನದಲ್ಲ. ಆದರೆ ಬಲ ಹೆಚ್ಚಿದಾಗ ಆ ಕಾವಲು ಹೋಯಿತು, ಬೇರೆ ಕಾವಲನ್ನು ನಾವು ಇಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹನಿ ನೀರಾವರಿಯಿಂದ ಉಳಿದ ನೀರು ಭೂಮಿಯಲ್ಲೇ ಉಳಿಯದೆ, ಇನ್ನೊಂದು ಎಕರೆಗೆ ಸಸಿ ನೆಡಲು ಧೈರ್ಯ ಕೊಟ್ಟಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಳಿ ಬಾಡಿ ನಿಂತ ತೋಟಗಳನ್ನು ನಾವೆಲ್ಲ ಕಂಡಿದ್ದೇವೆ. ತೆಂಗಿನ ಸಸಿ ನೆಡುವವನು ಮೊಮ್ಮಕ್ಕಳ ಕಾಲಕ್ಕೆಂದು ನೆಡುತ್ತಾನೆ. ಅವನು ಕೊರೆಸುವ ಬಾವಿಯಾದರೋ ಎಷ್ಟೋ ಸಲ ಸಾಲ ತೀರುವ ಮೊದಲೇ ಬತ್ತುತ್ತದೆ.

ಆ ಕಪ್ಪು ಕಾರಿನ ಎಂಜಿನಿನಲ್ಲಿ ವೇಸ್ಟ್‌ಗೇಟ್ ಎಂಬ ಒಂದು ಪುಟ್ಟ ಬಾಗಿಲಿತ್ತು. ಒತ್ತಡ ಗೊತ್ತುಮಾಡಿದ ಮಿತಿಯನ್ನು ಮುಟ್ಟಿದ ಕೂಡಲೇ ಅದು ತೆರೆದುಕೊಂಡು ಹೆಚ್ಚಿನ ಹೊಗೆಯನ್ನು ಚಕ್ರದ ಪಕ್ಕದಿಂದ ಹೊರಗೆ ಬಿಡುತ್ತದೆ. ಇಲ್ಲವಾದರೆ ಹೊಗೆ ಹೆಚ್ಚಿದಂತೆ ಗಾಳಿ, ಗಾಳಿ ಹೆಚ್ಚಿದಂತೆ ಮತ್ತೆ ಹೊಗೆ ಎಂದು ಏರುತ್ತ ಎಂಜಿನ್ ತನ್ನನ್ನು ತಾನೇ ಒಡೆದುಕೊಂಡೀತು. ನಮ್ಮ ಹಿರಿಯರು ಕೆರೆಗೆ ಕಟ್ಟಿದ ಕೋಡಿಯ ಕೆಲಸವೂ ಇಂಥದೇ. ಏರಿಯ ಎತ್ತರವನ್ನು ನೋಡಿ ಕೋಡಿ ಇಟ್ಟರು. ಬಿಡುವ ನೀರಿಗೆ ತೂಬು ಇಟ್ಟು, ಅದಕ್ಕೊಬ್ಬ ನೀರುಗಂಟಿಯನ್ನು ನೇಮಿಸಿದರು. ಬಲದ ಜೊತೆಗೇ ಅದರ ಮಿತಿಯನ್ನೂ ಕಟ್ಟುವುದು ಅವರಿಗೆ ಒಂದೇ ಕೆಲಸವಾಗಿತ್ತು.

ಕೊಳವೆಬಾವಿಗೆ ಕೋಡಿಯೂ ಇಲ್ಲ, ನೀರುಗಂಟಿಯೂ ಇಲ್ಲ. 2011ರ ಕರ್ನಾಟಕ ಅಂತರ್ಜಲ ಕಾಯಿದೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿ ಬೇಕೆಂದು ಹೇಳುತ್ತದೆ. ಆದರೆ ಪಕ್ಕದ ತೋಟದಲ್ಲಿ ಲಾರಿ ಮೊರೆಯತೊಡಗಿದಾಗ ತನ್ನ ತೋಟದವನು ಕಾಯಿದೆಯನ್ನು ನೆನೆಯುವುದು ಕಷ್ಟ. ಅವನ ಭಯವೂ ಸುಳ್ಳಲ್ಲ. ಆದಕಾರಣ ಈ ಮಿತಿಯನ್ನು ಒಬ್ಬೊಬ್ಬರೇ ಇಟ್ಟುಕೊಳ್ಳಲಾಗದು. ಒಂದು ಕೆರೆಯ ಅಚ್ಚುಕಟ್ಟಿನವರು ಕೂಡಿ ತೂಬಿನ ಸರದಿ ಗೊತ್ತುಮಾಡಿಕೊಳ್ಳುತ್ತಿದ್ದಂತೆ, ಒಂದು ಊರಿನ ತೋಟದವರು ಕೂತು ಎಷ್ಟು ಆಳ, ಎಷ್ಟು ಬಾವಿ, ಎಷ್ಟು ಹೊತ್ತು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹೊಗೆಯನ್ನು ದುಡಿಸುವ ಜಾಣತನ ಮನುಷ್ಯನಿಗೆ ಒಲಿದು ನೂರು ವರ್ಷ ಮೀರಿತು. ಆ ಬಲಕ್ಕೆ ಕೋಡಿ ಕಟ್ಟುವ ಕೆಲಸ ಮಾತ್ರ ಇನ್ನೂ ನಮ್ಮ ಪಾಲಿಗೆ ಬಾಕಿಯಿದೆ.